ವೆಲಾಸಿಟಿ ಏರಿದೆ, ಬಿಡುಗಡೆ ಮಾತ್ರ ತಡ!

ಪ್ರಶ್ನೆ: ನಮ್ಮದು ಸ್ಕ್ರಮ್ ತಂಡ, ಅಂದರೆ ಸ್ಪ್ರಿಂಟ್ ಎಂಬ ಸಣ್ಣ ಸಣ್ಣ ಅವಧಿಗಳಲ್ಲಿ ಸಾಫ್ಟ್‌ವೇರ್ ಕಟ್ಟುತ್ತೇವೆ. ಪ್ರತಿ ಸ್ಟೋರಿಗೆ, ಅಂದರೆ ಕೆಲಸದ ತುಣುಕಿಗೆ, ಅದರ ಗಾತ್ರ ಅಂದಾಜಿಸಿ ಸ್ಟೋರಿ ಪಾಯಿಂಟ್ ಕೊಡುತ್ತೇವೆ. ಒಂದು ಸ್ಪ್ರಿಂಟ್‌ನಲ್ಲಿ ಮುಗಿಸುವ ಪಾಯಿಂಟ್‌ಗಳ ಮೊತ್ತವಾದ ವೆಲಾಸಿಟಿ ಆರು ತಿಂಗಳಲ್ಲಿ 30ರಿಂದ 45ಕ್ಕೆ ಏರಿದೆ. ಆದರೂ ಹೇಳಿದ ದಿನಕ್ಕೆ ಬಿಡುಗಡೆ ಆಗುತ್ತಿಲ್ಲ. ಎಲ್ಲಿ ಎಡವುತ್ತಿದ್ದೇವೆ?

ಉತ್ತರ: ಏರಿರುವುದು ಬಹುಶಃ ಅಂಕಿ ಮಾತ್ರ. ವೆಲಾಸಿಟಿ ಹೆಚ್ಚಿಸಿ ಎಂದು ಮೇಲಿನವರು ಕೇಳತೊಡಗಿದರೆ ನಿನ್ನೆಯ 3 ಇಂದು 5 ಆಗುತ್ತದೆ. ಇದಕ್ಕೆ ಯಾರೂ ಸುಳ್ಳು ಹೇಳಬೇಕಿಲ್ಲ, ಅಂದಾಜಿಸುವಾಗ ಅನುಮಾನ ಬಂದಾಗಲೆಲ್ಲ ದೊಡ್ಡ ಅಂಕಿಯ ಕಾರ್ಡು ಎತ್ತಿದರೆ ಸಾಕು. ಈಗ ಲೆಕ್ಕ ನೋಡಿ. ಬ್ಯಾಕ್‌ಲಾಗ್‌ನಲ್ಲಿ, ಅಂದರೆ ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ, ಹಿಂದೆಯೇ ಅಂದಾಜಿಸಿದ 360 ಪಾಯಿಂಟ್ ಬಾಕಿ ಇದೆ ಎನ್ನೋಣ. 45ರಿಂದ ಭಾಗಿಸಿದರೆ 8 ಸ್ಪ್ರಿಂಟ್. ಆದರೆ ಆ 360 ಹಳೆಯ ಅಳತೆಯದು, ಅದಕ್ಕೆ ಸಲ್ಲುವ ವೇಗ 30. ಅಂದರೆ 12 ಸ್ಪ್ರಿಂಟ್. ನಿಮ್ಮ ತಡ ಇಲ್ಲೇ ಅಡಗಿರಬಹುದು.

ಖಚಿತಪಡಿಸಿಕೊಳ್ಳಲು, ಆರು ತಿಂಗಳ ಹಿಂದೆ ಮುಗಿಸಿದ ನಾಲ್ಕೈದು ಸ್ಟೋರಿಗಳನ್ನು ಹಳೆಯ ಅಂಕಿ ಮರೆಮಾಡಿ ಮತ್ತೆ ಅಂದಾಜಿಸಿ. ಹೆಚ್ಚು ಬಂದರೆ ಅಳತೆ ಜಾರಿದೆ. ಆಗ ಬಾಕಿಯನ್ನೆಲ್ಲ ಹೊಸದಾಗಿ ಅಳೆಯಿರಿ. 2 ಮತ್ತು 5 ಪಾಯಿಂಟಿನ ಒಂದೊಂದು ಮುಗಿದ ಸ್ಟೋರಿಯನ್ನು ಮಾದರಿಯಾಗಿ ಇಟ್ಟುಕೊಂಡು, ಪ್ರತಿ ಹೊಸದನ್ನೂ ಅವಕ್ಕೇ ಹೋಲಿಸಿ.

ಅಂಕಿಯ ಕಾರ್ಡು ಹಿಡಿದು ತಂಡವೆಲ್ಲ ಅಂದಾಜಿಸುವ ಪ್ಲಾನಿಂಗ್ ಪೋಕರ್ ಆಡುವ ರೀತಿಯನ್ನೂ ಗಮನಿಸಿ. ಜೇಮ್ಸ್ ಗ್ರೆನಿಂಗ್ 2002ರಲ್ಲಿ ವಿವರಿಸಿದ ಈ ಪದ್ಧತಿಯಲ್ಲಿ ಕಾರ್ಡುಗಳನ್ನು ಎಲ್ಲರೂ ಒಮ್ಮೆಗೇ ತೋರಿಸಬೇಕು. ಹಿರಿಯರೊಬ್ಬರು ಮೊದಲೇ ‘3’ ಎಂದುಬಿಟ್ಟರೆ ಉಳಿದವರೂ ಅತ್ತಲೇ ವಾಲುತ್ತಾರೆ. ಒಬ್ಬರು 3, ಇನ್ನೊಬ್ಬರು 13 ಎಂದಾಗ ನಡುವಿನ 8 ಬರೆದುಕೊಂಡು ಮುಂದೆ ಹೋಗುವ ತಂಡಗಳಿಗೆ ಅಂದಾಜಿನಿಂದ ಲಾಭವೇ ಇಲ್ಲ. 13 ಎಂದವರಿಗೆ ಹಳೆಯ ಡೇಟಾ ವರ್ಗಾಯಿಸುವ ತೊಡಕು ಕಂಡಿರಬಹುದು. 3 ಎಂದವರಿಗೆ ಸಿದ್ಧವಾಗಿರುವ ಎಪಿಐ (ಬೇರೆ ಸಾಫ್ಟ್‌ವೇರನ್ನು ಬಳಸಿಕೊಳ್ಳುವ ಕೊಂಡಿ) ಗೊತ್ತಿರಬಹುದು. ಇಬ್ಬರೂ ಕಾರಣ ಹೇಳಲಿ, ಮತ್ತೊಂದು ಸುತ್ತು ಆಡಿ. ಆಗಲೂ ಹೊಂದದಿದ್ದರೆ ಸ್ಟೋರಿಯನ್ನು ಒಡೆಯಿರಿ, ಇಲ್ಲವೇ ಒಂದು ದಿನದ ಸ್ಪೈಕ್ (ಕಿರು ಪರಿಶೋಧನೆ) ಇಟ್ಟು ಗೊತ್ತಿಲ್ಲದ್ದನ್ನು ತಿಳಿದುಕೊಳ್ಳಿ.

ಬಿಡುಗಡೆಗೆ ಒಂದೇ ದಿನಾಂಕ ಕೊಡಬೇಡಿ. ಕಳೆದ ಐದಾರು ಸ್ಪ್ರಿಂಟ್‌ಗಳ ಕನಿಷ್ಠ, ಗರಿಷ್ಠ ವೆಲಾಸಿಟಿ ಹಿಡಿದು ‘ಇಷ್ಟರಿಂದ ಇಷ್ಟು ಸ್ಪ್ರಿಂಟ್’ ಎನ್ನಿ. ಇನ್ನೊಂದು ತಂಡದ ವೆಲಾಸಿಟಿಗೆ ಹೋಲಿಸುವುದಂತೂ ಅರ್ಥವಿಲ್ಲದ್ದು. ಅವರ 5 ನಿಮ್ಮ 5 ಅಲ್ಲ.

ಪ್ರಶ್ನೆ: ಪಾಯಿಂಟ್‌ಗಳನ್ನೇ ಕೈಬಿಟ್ಟರೆ ಸ್ಕ್ರಮ್ ನಿಯಮ ಮುರಿದಂತೆಯೇ?

ಉತ್ತರ: ಇಲ್ಲ. ಸ್ಕ್ರಮ್ ನಿಯಮಗಳ ಕೈಪಿಡಿಯಾದ 2020ರ ಸ್ಕ್ರಮ್ ಗೈಡ್‌ನಲ್ಲಿ ಸ್ಟೋರಿ ಪಾಯಿಂಟ್‌ನ ಪ್ರಸ್ತಾಪವೇ ಇಲ್ಲ. ಸ್ಟೋರಿಗಳನ್ನು ಎರಡು ಮೂರು ದಿನದಲ್ಲಿ ಮುಗಿಯುವಷ್ಟು ಸಣ್ಣದಾಗಿ ಒಡೆಯಬಲ್ಲಿರಾದರೆ, ಸ್ಪ್ರಿಂಟ್‌ಗೆ ಎಷ್ಟು ಮುಗಿದವು ಎಂಬ ಎಣಿಕೆಯೇ ಮುನ್ನೋಟಕ್ಕೆ ಸಾಕು. ಆದರೆ ಎರಡು ಕೆಲಸಗಳಲ್ಲಿ ಯಾವುದು ಮೊದಲು ಎಂದು ಪ್ರಾಡಕ್ಟ್ ಓನರ್ ಆರಿಸಬೇಕಾದಾಗ ಒಂದು ಒರಟು ಅಂದಾಜು ಬೇಕೇ ಬೇಕು. ಅದಕ್ಕೆ ಸಣ್ಣದು, ಮಧ್ಯಮ, ದೊಡ್ಡದು ಎಂಬ ಮೂರೇ ಅಳತೆ ಧಾರಾಳ.