ಐಸಿಯು ನರ್ಸ್ ನಾನು, ಪೇಷಂಟ್ ಕಡೆಯವ್ರು ಮತ್ತು ಸ್ಟಾಫ್ ಮಧ್ಯೆ ಮಾತುಕತೆ ಬಗ್ಗೆ ಫಂಡಿಂಗ್ ಇರೋ ಪಿಎಚ್‌ಡಿ ಸೀಟು ಖಾಲಿ ಇದೆ, ಅಪ್ಲೈ ಮಾಡ್ಲಾ?

ಮಾಡಿ. ನಿಮ್ಮ ಪ್ರಶ್ನೆ ಓದಿದ್ರೆ ಎರಡು ಅಳುಕು ಕಾಣ್ತಿದೆ, ಒಂದು ಸಂಬಳ, ಇನ್ನೊಂದು "ಮಾತಾಡೋದರ ಮೇಲೆಲ್ಲಾ ಏನ್ ರಿಸರ್ಚು, ನಮ್ಮ ಡಾಕ್ಟರುಗಳು ನಗ್ತಾರೆ" ಅಂತ ಬರೆದಿದ್ದೀರಲ್ಲ ಅದು. ನಾನೂ ಐಸಿಯು ಡ್ಯೂಟಿಯಿಂದ ಬಂದು ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡ್ದವ್ಳು, ಹಾಗಾಗಿ ಎರಡನೇದರಿಂದಾನೇ ಶುರು ಮಾಡ್ತೀನಿ.

ನಗೋರು ನಗ್ಲಿ ಬಿಡಿ, ಆದ್ರೆ ಈ ವಿಷಯದಲ್ಲಿ ಅಳತೆ ಮಾಡಿ ತೋರಿಸಿರೋ ಕೆಲಸ ಕಮ್ಮಿ ಏನಿಲ್ಲ. 2000ದಲ್ಲಿ ಫ್ರಾನ್ಸ್‌ನಲ್ಲಿ ನೋಡಿದಾಗ ಡಾಕ್ಟರ್ ಕೂತು ವಿವರಿಸಿದ ಮೇಲೂ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮನೆಯವರಿಗೆ ಕಾಯಿಲೆ ಏನು, ಮುಂದೇನಾಗಬಹುದು, ಏನು ಚಿಕಿತ್ಸೆ ನಡೀತಿದೆ ಇದರಲ್ಲಿ ಏನಾದ್ರೂ ಒಂದು ಅರ್ಥ ಆಗಿರಲಿಲ್ಲ. 2004ರಲ್ಲಿ ಅಮೆರಿಕದೋರು ಫ್ಯಾಮಿಲಿ ಮೀಟಿಂಗ್‌ಗಳನ್ನ ರೆಕಾರ್ಡ್ ಮಾಡಿ ಕೇಳಿದ್ರೆ ಹೆಚ್ಚುಕಮ್ಮಿ ಶೇ. 70 ಹೊತ್ತು ಸ್ಟಾಫೇ ಮಾತಾಡಿದ್ರು, ಮನೆಯವರ ಪಾಲಿಗೆ ಸಿಕ್ಕಿದ್ದು ಉಳಿದಿದ್ದಷ್ಟೇ, ಮನೆಯವ್ರು ಜಾಸ್ತಿ ಮಾತಾಡಿದ ಮೀಟಿಂಗ್‌ಗಳಲ್ಲಿ ಅವರಿಗೆ ಸಮಾಧಾನಾನೂ ಜಾಸ್ತಿ. ಆಮೇಲೆ 2007ರಲ್ಲಿ ಫ್ರಾನ್ಸ್‌ನ 22 ಐಸಿಯುಗಳಲ್ಲಿ, ಸಾವು ಹತ್ರ ಇರೋ ಪೇಷಂಟ್‌ಗಳ ಮನೆಯವರ ಜೊತೆ, ಕೇಳಿಸ್ಕೊಳ್ಳೋದಕ್ಕೆ ಒತ್ತು ಕೊಡೋ ಒಂದು ಪದ್ಧತಿ ಮತ್ತು ಒಂದು ಪುಟ್ಟ ಕೈಪಿಡಿ ಇಟ್ಕೊಂಡು ಮೀಟಿಂಗ್ ಮಾಡಿದ್ರು. ಮಾಮೂಲಿ ರೀತಿ ಮಾಡಿದ ಮೀಟಿಂಗ್ 20 ನಿಮಿಷ ಆದ್ರೆ ಇದು 30, ಮನೆಯವರು ಮಾತಾಡಿದ್ದು ಅಲ್ಲಿ 5 ನಿಮಿಷ, ಇಲ್ಲಿ 14, ಮೂರು ತಿಂಗಳಾದ ಮೇಲೆ ಫೋನ್ ಮಾಡಿ ಕೇಳಿದಾಗ ಪಿಟಿಎಸ್‌ಡಿ (ಆಘಾತ ಆದ್ಮೇಲೂ ಬಿಡದೆ ಕಾಡೋ ಮಾನಸಿಕ ತೊಂದರೆ) ಲಕ್ಷಣ ಇದ್ದೋರು ಅಲ್ಲಿ ಶೇ. 69, ಇಲ್ಲಿ ಶೇ. 45. ಹತ್ತು ನಿಮಿಷಕ್ಕೆ ಇಷ್ಟು.

ಇಲ್ಲಿಗೇ ನಿಂತಿದ್ರೆ ನಿಮ್ಮ ಪಿಎಚ್‌ಡಿ ಬೇಕೇ ಇರಲಿಲ್ಲ, ಎಲ್ಲರೂ ಚೆನ್ನಾಗಿ ಮಾತಾಡ್ರಪ್ಪ ಅಂತ ಸರ್ಕ್ಯುಲರ್ ಹೊರಡಿಸಿದ್ರೆ ಸಾಕಿತ್ತು. ಆದ್ರೆ 2016ರಲ್ಲಿ ಅಮೆರಿಕದಲ್ಲಿ, ತುಂಬಾ ದಿನದಿಂದ ವೆಂಟಿಲೇಟರ್ ಮೇಲಿರೋರ ಮನೆಯವರಿಗೆ ಪ್ಯಾಲಿಯೇಟಿವ್ ಕೇರ್ ಟೀಮು (ಗಂಭೀರ ಕಾಯಿಲೆಯೋರ ನೋವು, ಸಂಕಟ ಕಮ್ಮಿ ಮಾಡೋರು) ಪ್ರತ್ಯೇಕವಾಗಿ ಮೀಟಿಂಗ್ ಮಾಡಿದ್ರೂ ಆತಂಕ, ಖಿನ್ನತೆ ಇಳೀಲಿಲ್ಲ, ಪಿಟಿಎಸ್‌ಡಿ ಸ್ಕೋರ್ ಸ್ವಲ್ಪ ಏರೇ ಬಿಡ್ತು. ಸತ್ತೋರ ಮನೆಗೆ ಐಸಿಯು ಕಡೆಯಿಂದ ಸಂತಾಪದ ಕಾಗದ ಕಳ್ಸಿ ನೋಡಿದ್ರು ಫ್ರಾನ್ಸ್‌ನೋರು, ಆರು ತಿಂಗಳಾದಾಗ ಕಾಗದ ಬಂದ ಮನೆಗಳಲ್ಲೇ ಖಿನ್ನತೆ, ಪಿಟಿಎಸ್‌ಡಿ ಲಕ್ಷಣ ಜಾಸ್ತಿ. 2018ರಲ್ಲಿ ನರ್ಸ್‌ಗಳೇ ಮುಂದೆ ನಿಂತು ಮನೆಯವರಿಗೆ ಬೆಂಬಲ ಕೊಟ್ಟ ಟ್ರಯಲ್‌ನಲ್ಲಿ ಮಾತುಕತೆ ಚೆನ್ನಾಗಿತ್ತು ಅಂತ ಮನೆಯವ್ರು ಹೇಳಿದ್ರು, ಐಸಿಯುನಲ್ಲಿರೋ ದಿನಾನೂ ಕಮ್ಮಿ ಆಯ್ತು, ಆದ್ರೆ ಮನಸ್ಸಿನ ಸಂಕಟ ಇದ್ದಷ್ಟೇ ಇತ್ತು. ಮತ್ತೆ 2022ರಲ್ಲಿ ಫ್ರಾನ್ಸ್‌ನಲ್ಲೇ ಡಾಕ್ಟರೂ ನರ್ಸೂ ಒಟ್ಟಿಗೆ ಸಾವಿಗೆ ಮುಂಚೆ ಒಂದ್ಸಲ, ಸಾಯೋ ಹೊತ್ತಲ್ಲಿ ರೂಮಿಗೇ ಹೋಗಿ ಒಂದ್ಸಲ, ಆದ್ಮೇಲೆ ಒಂದ್ಸಲ ಮನೆಯವರನ್ನ ಕಂಡ್ರು, ಆರು ತಿಂಗಳಾದ್ರೂ ಬಿಡದ ದುಃಖ ಇರೋರು ಮಾಮೂಲಿ ರೀತಿ ನಡೆದ ಕಡೆ ಶೇ. 21, ಇಲ್ಲಿ ಶೇ. 15.

ನನಗನ್ಸೋದು, ಎಷ್ಟು ಮಾತಾಡಿದ್ರು ಅನ್ನೋದಕ್ಕಿಂತ ಯಾರು ಯಾವಾಗ ಅನ್ನೋದೇ ಮುಖ್ಯ. ಪರಿಚಯ ಇರೋರು ಪಕ್ಕದಲ್ಲಿ ನಿಂತು ಹೇಳೋದೂ, ಎಲ್ಲಾ ಮುಗಿದ್ಮೇಲೆ ಕಾಗದದಲ್ಲಿ ಬರೋದೂ ಒಂದೇ ಅಲ್ಲ. ಇದು ನನ್ನ ಊಹೆ, ಇನ್ನೂ ಯಾರೂ ಗಟ್ಟಿಯಾಗಿ ಬಿಡಿಸಿ ತೋರಿಸಿಲ್ಲ, ನಿಮಗೆ ಜಾಗ ಇರೋದೇ ಅಲ್ಲಿ.

ನೀವು ನರ್ಸ್ ಆಗಿರೋದ್ರಿಂದ ನಿಮಗೆ ಕಾಣೋದು ಬೇರೆಯವರಿಗೆ ಕಾಣಲ್ಲ. ರಾತ್ರಿ ಡ್ಯೂಟಿ ಸಿಸ್ಟರ್ "ಕೈ ಒತ್ತಿದ್ರೆ ಸ್ವಲ್ಪ ಕಣ್ಣು ಬಿಟ್ರು" ಅಂತ ಹೆಂಡತಿಗೆ ಹೇಳಿರ್ತಾರೆ, ಸುಳ್ಳಲ್ಲ. ಬೆಳಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರ್ ಬಾಗಿಲ ಹತ್ರಾನೇ ನಿಂತು "ಮೆದುಳಲ್ಲಿ ಏನೂ ಸುಧಾರಣೆ ಇಲ್ಲ" ಅಂತಾರೆ, ಅದೂ ಸುಳ್ಳಲ್ಲ. ಆ ಹೆಂಗಸು ಎರಡನ್ನೂ ಹಿಡ್ಕೊಂಡು ಮಧ್ಯಾಹ್ನದ ಸಿಸ್ಟರ್ ಹತ್ರ ಬಂದು "ನಾನು ಯಾರ ಮಾತು ನಂಬ್ಲಿ ಹೇಳಿ" ಅಂತ ಕೇಳ್ತಾಳೆ, ಆ ಸಿಸ್ಟರ್‌ಗೆ ಬೆಳಗ್ಗೆ ಏನ್ ಮಾತಾಯ್ತು ಅಂತಾನೇ ಗೊತ್ತಿರಲ್ಲ ಯಾಕಂದ್ರೆ ಶಿಫ್ಟ್ ಬದಲಾಗುವಾಗ ಮಾಡೋ ಹ್ಯಾಂಡೋವರ್‌ನಲ್ಲಿ ಡ್ರಿಪ್ಪು ಡೋಸು ಯೂರಿನ್ ಔಟ್‌ಪುಟ್ ಎಲ್ಲಾ ಹೇಳಿರ್ತಾರೆ, ಮನೆಯವರಿಗೆ ಏನು ಹೇಳಿದ್ವಿ ಅನ್ನೋದನ್ನ ಬಿಟ್ಟು. ಇದು ಮಾತಿನ ಚಾತುರ್ಯದ ಸಮಸ್ಯೆ ಅಲ್ವೇ ಅಲ್ಲ, ವಾರ್ಡು ನಡೆಯೋ ರೀತೀದು.

ಈಗ ಸೀಟಿನ ವಿಷಯ. ಸ್ಟೈಪೆಂಡೋ ಸಂಬಳಾನೋ, ಎಷ್ಟು ವರ್ಷಕ್ಕೆ, ಹೆರಿಗೆ ರಜೆ ಇದ್ಯಾ, ಕೊನೇ ವರ್ಷ ಎಳೆದ್ರೆ ಯಾರು ಕೊಡ್ತಾರೆ, ಇಷ್ಟನ್ನ ಬರಹದಲ್ಲೇ ತಗೊಳ್ಳಿ. ಅದಕ್ಕಿಂತ ದೊಡ್ಡದು, ಐಸಿಯು ಒಳಗೆ ಕಾಲಿಡೋಕೆ ಅನುಮತಿ ಈಗಾಗ್ಲೇ ಇದ್ಯಾ ಅಥವಾ ನೀವು ಸೇರಿದ್ಮೇಲೆ ಹುಡುಕ್ಬೇಕಾ ಅನ್ನೋದು. ಪೇಷಂಟ್‌ಗೆ ಪ್ರಜ್ಞೆ ಇರಲ್ಲ, ಒಪ್ಪಿಗೆ ಕೊಡ್ಬೇಕಾದ ಮನೆಯವ್ರು ನಿದ್ದೆಗೆಟ್ಟು ಕಂಗಾಲಾಗಿರ್ತಾರೆ, ರೆಕಾರ್ಡರ್ ನೋಡಿದ್ರೆ ಸ್ಟಾಫು ಇದೇನು ಕಂಪ್ಲೇಂಟ್‌ಗಾ ಅಂತ ಹೆದರ್ತಾರೆ, ಹಾಗಾಗಿ ಎಥಿಕ್ಸ್ ಕಮಿಟಿ ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತೆ, ಕೇಳ್ಲೂಬೇಕು. ಹಾಸ್ಪಿಟಲ್ ಒಳಗಿನ ಹಿರಿಯ ಡಾಕ್ಟರೋ ನರ್ಸಿಂಗ್ ಹೆಡ್ಡೋ ಗೈಡ್ ಟೀಮ್‌ನಲ್ಲಿ ಇಲ್ದಿದ್ರೆ ಮೊದಲ ವರ್ಷ ಪೂರ್ತಿ ಸಹಿ ಹಾಕಿಸ್ಕೊಳ್ಳೋದ್ರಲ್ಲೇ ಹೋಗುತ್ತೆ.

ಟ್ರಾನ್ಸ್‌ಕ್ರಿಪ್ಷನ್‌ಗೆ ದುಡ್ಡು ಇದ್ಯಾ ಅಂತಾನೂ ಕೇಳಿ. ನಾಲ್ಕೈದು ಜನ ಒಟ್ಟೊಟ್ಟಿಗೆ ಮಾತಾಡೋ ಒಂದು ಗಂಟೆ ಮೀಟಿಂಗ್ ಟೈಪ್ ಮಾಡೋಕೆ ಅರ್ಧ ದಿನಕ್ಕೂ ಮೇಲೆ ಬೇಕು, ಮಧ್ಯೆ ಮಾನಿಟರ್ ಅಲಾರಂ ಬೇರೆ. ಬರೀ ತೃಪ್ತಿ ಪ್ರಶ್ನಾವಳಿ ಕೊಟ್ಟು ಥೀಸಿಸ್ ಮುಗಿಸೋ ಪ್ಲಾನ್ ಅವರದ್ದಾಗಿದ್ರೆ ನಾನಾದ್ರೆ ಹೋಗಲ್ಲ. ಜೀವ ಉಳಿಸೋಕೆ ಓಡಾಡ್ತಿರೋರಿಗೆ ಯಾರು ಕಮ್ಮಿ ಮಾರ್ಕ್ಸ್ ಕೊಡ್ತಾರೆ ಹೇಳಿ, ಒಂದಕ್ಷರ ಅರ್ಥ ಆಗದೋರೂ ಚೆನ್ನಾಗಿ ನೋಡ್ಕೊಂಡ್ರು ಅಂತಾನೇ ಬರೀತಾರೆ.

ಇನ್ನೊಂದು, ಯಾರೂ ಮುಂಚೆ ಹೇಳಲ್ಲ ಇದನ್ನ. ಇಂಟರ್‌ವ್ಯೂ ಮಧ್ಯೆ ಮನೆಯವ್ರು ನಿಮ್ಮನ್ನೇ ಕೇಳ್ತಾರೆ, "ಸಿಸ್ಟರ್, ನಿಮಗೆ ಗೊತ್ತಲ್ವಾ, ನಮ್ಮಪ್ಪ ಉಳೀತಾರಾ?" ಅಂತ. ನಿಮಗೆ ಚಾರ್ಟ್ ಓದೋಕೆ ಬರುತ್ತೆ, ಬಾಯಿ ತುದಿವರೆಗೂ ಬರುತ್ತೆ. ಉತ್ತರ ಹೇಳ್ಬಾರ್ದು, ಹಾಗಂತ ನಾನು ರಿಸರ್ಚರ್ ಅಂತ ಕೈಯಾಡಿಸಿ ಎದ್ದು ಹೋಗೋಕೂ ಆಗಲ್ಲ. ರೆಕಾರ್ಡರ್ ಆಫ್ ಮಾಡಿ, ಅವತ್ತಿನ ಬೆಡ್‌ಸೈಡ್ ನರ್ಸ್ ಹತ್ರ ಕರ್ಕೊಂಡು ಹೋಗಿ ಕೂರಿಸಿ ಬನ್ನಿ, ಹೀಗೆ ಮಾಡ್ತೀನಿ ಅಂತ ಪ್ರೋಟೋಕಾಲ್‌ನಲ್ಲೇ ಬರೆದಿಡಿ, ಎಥಿಕ್ಸ್‌ನವರಿಗೂ ಖುಷಿ ಆಗುತ್ತೆ. ಇಂಥ ದಿನ ಆದ್ಮೇಲೆ ನಾನು ಯಾರ ಹತ್ರ ಮಾತಾಡ್ಕೊಳ್ಲಿ ಅಂತ ಗೈಡ್‌ನ ನೇರವಾಗಿ ಕೇಳಿ, ಅವರ ಮುಖ ನೋಡಿದ್ರೇ ಗೊತ್ತಾಗುತ್ತೆ ಅಲ್ಲಿ ಸೇರ್ಬೇಕೋ ಬೇಡ್ವೋ ಅಂತ.

ಪ್ರಪೋಸಲ್ ಕೇಳಿದ್ರೆ ಐಸಿಯು ಸಂವಹನ ಅಂತ ಊರಗಲ ಬರೀಬೇಡಿ. ಮೇಲೆ ಹೇಳಿದ ಹ್ಯಾಂಡೋವರ್ ವಿಷಯ ಒಂದನ್ನೇ ಹಿಡೀರಿ, ಶಿಫ್ಟ್ ಬದಲಾದಾಗ ಮನೆಯವರಿಗೆ ಹೇಳಿದ ಮಾತು ಮುಂದಿನ ಶಿಫ್ಟ್‌ಗೆ ಎಷ್ಟು ದಾಟುತ್ತೆ ಅಂತ, ಮೂರು ವರ್ಷಕ್ಕೆ ಅಷ್ಟೇ ಧಾರಾಳ ಆಗುತ್ತೆ.