ಅಪ್ಪನ ಮೊಬೈಲ್ ಕಿತ್ತುಕೊಳ್ಳುವ ಮೊದಲು

ಪ್ರಶ್ನೆ: ತಂದೆಗೆ 74 ವರ್ಷ, ಅಮ್ಮನ ಜೊತೆ ಶಿರಸಿ ಹತ್ತಿರದ ಹಳ್ಳಿಯಲ್ಲಿದ್ದಾರೆ. ‘ಬಿಲ್ ಬಾಕಿ ಇದೆ, ರಾತ್ರಿ ಕರೆಂಟ್ ತೆಗೆಯುತ್ತೇವೆ’ ಎಂಬ ಕರೆ ನಂಬಿ, ಕರೆ ಮಾಡಿದವರು ಹೇಳಿದ ಆ್ಯಪ್ ಹಾಕಿಕೊಂಡು ಅಡಿಕೆ ಮಾರಿದ ಹಣ ಕಳೆದುಕೊಂಡರು. ನಮಗೆ ಹೇಳಿದ್ದು ವಾರದ ನಂತರ. ಸ್ಮಾರ್ಟ್‌ಫೋನ್ ತೆಗೆದು ಬಟನ್ ಫೋನ್ ಕೊಡಲೇ?
– ಓದುಗ, ಬೆಂಗಳೂರು

ಉತ್ತರ: ಈ ಪ್ರಶ್ನೆ ನಮ್ಮ ಗ್ರಂಥಾಲಯದ ಮೇಜಿಗೆ ಬಾರದ ತಿಂಗಳಿಲ್ಲ. ಕೇಳುವವರು ಯಾವಾಗಲೂ ಮಕ್ಕಳೇ. ಬಟನ್ ಫೋನಿಗೂ ಒಟಿಪಿ ಬರುತ್ತದೆ, ಕೇಳಿ ಬರೆದುಕೊಳ್ಳುವವನಿಗೆ ಅಷ್ಟು ಸಾಕು. ನಿಲ್ಲುವುದು ಮೊಮ್ಮಕ್ಕಳ ವಿಡಿಯೊ ಕರೆ ಮಾತ್ರ.

ಆ ಒಂದು ವಾರ ಅವರು ಏಕೆ ಬಾಯಿ ಬಿಡಲಿಲ್ಲ? ನೀವು ಬೈಯುತ್ತೀರಿ ಎಂದು. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದರೆ, ಅದು ಖಾತೆಯಿಂದ ಖಾತೆಗೆ ದಾಟುವ ಮೊದಲೇ ತಡೆಹಿಡಿಯಲು ಅವಕಾಶವಿತ್ತು. ತಡವಾದರೂ ಸೈಬರ್ ಅಪರಾಧ ನೋಡಿಕೊಳ್ಳುವ ಕಾರವಾರದ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಡಿ, ಬ್ಯಾಂಕಿಗೂ ಬರೆದು ಕೊಡಿ. ಆದರೆ ಹೆಚ್ಚಿನ ಆಸೆ ಇಟ್ಟುಕೊಳ್ಳಬೇಡಿ.

ಊರಿಗೆ ಹೋದಾಗ ಮೊದಲು ಆ ಆ್ಯಪ್ ಅಳಿಸಿ. ಅದು ಫೋನಿನಲ್ಲಿ ಇರುವಷ್ಟು ದಿನ ಪಿನ್ ಬದಲಿಸಿ ಫಲವಿಲ್ಲ, ಪರದೆಯೇ ವಂಚಕನಿಗೆ ಕಾಣುತ್ತದೆ. ಅಡಿಕೆ ಹಣ ಬೀಳುವ ಖಾತೆಗೆ ಯುಪಿಐ ಬೇಡವೇ ಬೇಡ. ದಿನದ ಖರ್ಚಿಗೆ ಬೇರೆ ಖಾತೆ ಮಾಡಿಸಿ, ಅದರಲ್ಲಿ ಎರಡು ಮೂರು ಸಾವಿರ ಇದ್ದರೆ ಸಾಕು. ಫೋನಿನ ಕವರ್ ಬಿಚ್ಚಿ ನೋಡಿ: ನಾಲ್ಕಾಗಿ ಮಡಚಿದ ಚೀಟಿಯಲ್ಲಿ ನೀಲಿ ಬಾಲ್‌ಪೆನ್ನಿನಲ್ಲಿ ಬರೆದ ಎಟಿಎಂ ಪಿನ್ ಸಿಕ್ಕೀತು. ಅದನ್ನು ಹರಿದು, ಅಲ್ಲಿ 1930 ಎಂದು ದಪ್ಪಕ್ಷರದಲ್ಲಿ ಬರೆದಿಡಿ. ‘ಏನೇ ಆದರೂ ಮೊದಲು ನನಗೆ ಹೇಳಿ ಅಪ್ಪ, ಬೈಯುವುದಿಲ್ಲ’ ಎಂದು ಹೇಳಿ, ಹಾಗೆಯೇ ನಡೆದುಕೊಳ್ಳಿ. ನಿಮಗೆ ಕಷ್ಟವಾಗುವುದು ಇದೊಂದೇ.

ಪ್ರಶ್ನೆ: ಹೋದ ಹಣ ಮರಳಿಸುವ ‘ಹ್ಯಾಕರ್’ ಮುಂಗಡ ಕೇಳುತ್ತಿದ್ದಾನೆ.
– ಕುಮಟಾ

ಉತ್ತರ: ಮೊದಲ ಕಳ್ಳನ ದಾಯಾದಿ. ಬಿಡಿಗಾಸೂ ಕೊಡಬೇಡಿ.

ಪ್ರಶ್ನೆ: ವಿಡಿಯೊ ಕರೆಯಲ್ಲಿ ಪೊಲೀಸರು ‘ಡಿಜಿಟಲ್ ಅರೆಸ್ಟ್’ ಮಾಡಬಹುದೇ?
– ಕಾರವಾರ

ಉತ್ತರ: ಕಾನೂನಿನಲ್ಲಿ ಹಾಗೊಂದು ಬಂಧನವೇ ಇಲ್ಲ. ಇನ್ನೆಷ್ಟು ಸಲ ಬರೆಯಲಿ?

ಪ್ರಶ್ನೆ: ಹಿರಿಯರೊಬ್ಬರು ಎಲ್ಲ ದಿನಪತ್ರಿಕೆಗಳನ್ನೂ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ, ಕೇಳಿದರೆ ರೇಗುತ್ತಾರೆ. ಅವರೇ ಮೊಬೈಲ್ ಕೊಟ್ಟು ‘ತಂಗಿ, ನೀನೇ ಪಿನ್ ಒತ್ತು’ ಎನ್ನುತ್ತಾರೆ.
– ಗ್ರಂಥಾಲಯ ಸಹಾಯಕಿ, ಹೊನ್ನಾವರ

ಉತ್ತರ: ‘ಒಬ್ಬರಿಗೆ ಒಮ್ಮೆಗೆ ಒಂದೇ ಪತ್ರಿಕೆ’ ಎಂದು ಗೋಡೆಗೆ ಹಚ್ಚಿ, ರೇಗಿದಾಗ ಅತ್ತ ಬೆರಳು ತೋರಿಸಿ, ವಾದಕ್ಕೆ ಇಳಿಯಬೇಡಿ. ಪಿನ್ ಮಾತ್ರ ಎಷ್ಟೇ ಗೋಗರೆದರೂ ಒತ್ತಬೇಡಿ. ನಾಳೆ ನೂರು ರೂಪಾಯಿ ಕಡಿಮೆ ಬಿದ್ದರೂ ಅವರಿಗೆ ಮೊದಲು ನೆನಪಾಗುವುದು ನೀವೇ.