ಅಮೆರಿಕದ ಒಂದು ಸೆಂಟ್ ನಾಣ್ಯದಲ್ಲಿ ಅಕ್ಷರ ಎರಡೆರಡಾಗಿ ಕಾಣುತ್ತಿದೆ. ಇದು ಸಂಗ್ರಾಹಕರು ಹೆಚ್ಚು ಬೆಲೆ ಕೊಡುವ ‘ಡಬಲ್ಡ್ ಡೈ’ (ಅಚ್ಚಿನಲ್ಲೇ ಚಿತ್ರ ಎರಡಾಗಿ ಮೂಡಿದ ನಾಣ್ಯ) ಇರಬಹುದೇ?

ಅಕ್ಷರ ಎರಡಾಗಿ ಕಂಡ ಮಾತ್ರಕ್ಕೆ ಹೌದು ಅನ್ನಲಾಗದು.

ಡಬಲ್ಡ್ ಡೈನಲ್ಲಿ ತಪ್ಪು ಇರುವುದು ಅಚ್ಚಿನಲ್ಲೇ. ಹಿಂದೆ ಅಚ್ಚು ತಯಾರಿಸುವಾಗ ಚಿತ್ರವನ್ನು ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಿದ್ದರು. ಆಗ ಕೊಂಚ ಜರುಗಿದರೂ ಸಾಕು, ಆ ಅಚ್ಚಿನಿಂದ ಬಂದ ಎಲ್ಲ ನಾಣ್ಯಗಳಲ್ಲೂ ಅದೇ ಜೋಡಿ ಗೆರೆ. ಭೂತಗನ್ನಡಿ ಹಿಡಿದು ಅಕ್ಷರದ ತುದಿ ನೋಡಿ. ಎರಡೂ ಗೆರೆ ಉಬ್ಬಿ ದುಂಡಗಿದ್ದು, ತುದಿಯಲ್ಲಿ ಸೀಳು ಕಂಡರೆ ಆಸೆ ಇಟ್ಟುಕೊಳ್ಳಬಹುದು. ಪಕ್ಕದಲ್ಲಿ ಚಪ್ಪಟೆ ಮೆಟ್ಟಿಲಿನಂತಿದ್ದು ಅಕ್ಷರವೇ ಸಣಕಲಾಗಿದ್ದರೆ, ಅದು ನಾಣ್ಯ ಒತ್ತುವಾಗ ಅಚ್ಚು ಅಲುಗಾಡಿದ ಗುರುತು. ಅದಕ್ಕೆ ಜಾಸ್ತಿ ಬೆಲೆ ಇಲ್ಲ. 1982ರ ನಂತರದ ಸತುವಿನ ಸೆಂಟ್‌ಗಳಲ್ಲಿ ಮೇಲಿನ ತಾಮ್ರದ ಲೇಪ ಸೀಳಿದರೂ ಹೀಗೇ ಕಾಣುತ್ತದೆ. ಹೊಸಬರು ಮೋಸ ಹೋಗುವುದು ಇಲ್ಲೇ, ದಯವಿಟ್ಟು ಹುಷಾರು.

1955ರ ಡಬಲ್ಡ್ ಡೈ ಸೆಂಟ್‌ನಲ್ಲಿ ಜೋಡಿ ಗೆರೆ ಬರಿಗಣ್ಣಿಗೇ ಕಾಣುತ್ತದೆ. 1995ರದ್ದಾದರೆ ‘ಲಿಬರ್ಟಿ’ ಪದ ನೋಡಿ. 1990ರ ದಶಕದ ಕೊನೆಯಿಂದ ಅಚ್ಚಿನ ಮೇಲೆ ಚಿತ್ರವನ್ನು ಒಂದೇ ಸಲ ಒತ್ತುತ್ತಾರೆ. ಆಗಲೂ ಕೊಂಚ ಓರೆಯಾದರೆ ಜೋಡಿ ಗೆರೆ ಬರಬಹುದು, ಆದರೆ ಹೆಚ್ಚಾಗಿ ನಡುಭಾಗದಲ್ಲಿ. ಹಾಗಾಗಿ ಹೊಸ ನಾಣ್ಯಗಳಲ್ಲಿ ಅಂಚಿಗಿಂತ ನಡುಭಾಗದಲ್ಲೇ ಹುಡುಕಿ. 2009ರ ಕೆಲವು ಸೆಂಟ್‌ಗಳಲ್ಲಿ, ದಿಮ್ಮಿಯ ಮೇಲೆ ಕೂತು ಓದುವ ಲಿಂಕನ್ ಕೈಗೆ ಒಂದು ಬೆರಳು ಹೆಚ್ಚಿರುತ್ತದೆ!